ಮಗಳಿಗೆ ಹೇಳದೆ ನಮಗೆ ಹೇಳಿದ್ದು

ಆಮಿ ಟ್ಯಾನ್ ಅವರ ‘ದಿ ಜಾಯ್ ಲಕ್ ಕ್ಲಬ್’ 1989ರಲ್ಲಿ ಪ್ರಕಟವಾದ ಕಾದಂಬರಿ. ಚೀನಾದಿಂದ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ ನಾಲ್ವರು ತಾಯಂದಿರು ಮತ್ತು ಅಮೆರಿಕದಲ್ಲೇ ಬೆಳೆದ ಅವರ ನಾಲ್ವರು ಹೆಣ್ಣುಮಕ್ಕಳ ಬದುಕು ಇದರ 16 ಅಧ್ಯಾಯಗಳಲ್ಲಿದೆ. ಕಥೆ ಆರಂಭವಾಗುವ ಹೊತ್ತಿಗೆ ಸುಯುವಾನ್ ಎಂಬ ತಾಯಿ ತೀರಿಕೊಂಡಿದ್ದಾಳೆ. ನಾಲ್ವರು ತಾಯಂದಿರೂ ಸೇರಿ ಆಡುತ್ತಿದ್ದ ಮಾಜಾಂಗ್ ಎಂಬ ಚೀನೀ ಆಟದ ಮೇಜಿನಲ್ಲಿ ಅವಳ ಜಾಗಕ್ಕೆ ಮಗಳು ಜಿಂಗ್-ಮೇ ಬಂದು ಕೂರುತ್ತಾಳೆ. ಯುದ್ಧಕಾಲದಲ್ಲಿ ಸುಯುವಾನ್ ಚೀನಾದಲ್ಲಿ ಬಿಟ್ಟುಬಂದ ಅವಳಿ ಹೆಣ್ಣುಮಕ್ಕಳು ಬದುಕಿದ್ದಾರೆ, ನೀನು ಹೋಗಿ ಅವರಿಗೆ ಅವರ ತಾಯಿಯ ವಿಷಯ ಹೇಳಬೇಕು ಎಂದು ಉಳಿದ ಮೂವರು ತಿಳಿಸಿದಾಗ, ತಾಯಿಯ ಬಗ್ಗೆ ತನಗೇನು ಗೊತ್ತು ಎಂದು ಜಿಂಗ್-ಮೇ ತಡವರಿಸುತ್ತಾಳೆ. ಆ ಒಂದು ಮಾತಿಗೆ ಮೂವರೂ ಬೆಚ್ಚುತ್ತಾರೆ. ನಾಳೆ ತಮ್ಮ ಹೆಣ್ಣುಮಕ್ಕಳೂ ಹೀಗೆಯೇ ಹೇಳುವವರು ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದುಬಿಡುತ್ತದೆ.

ತಾಯಿ ಮಗಳ ಜಗಳವನ್ನು ಬರೆದವರು ಬಹಳ ಮಂದಿ ಇದ್ದಾರೆ. ಈ ಕಾದಂಬರಿ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣ ಬೇರೆ. ಇಲ್ಲಿ ಬದುಕಿರುವ ಮೂವರು ತಾಯಂದಿರೂ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ಆದರೆ ಅದರಲ್ಲಿ ಬಹುಪಾಲು ತಲುಪುವುದು ಓದುವ ನಮಗೆ. ಆ ಮೂವರಲ್ಲೊಬ್ಬಳಾದ ಲಿಂಡೋಗೆ 16ನೇ ವಯಸ್ಸಿನಲ್ಲಿ ಮದುವೆಯಾದದ್ದು, ಮದುವೆಯ ದೀಪವನ್ನು ತಾನೇ ಊದಿ ಆರಿಸಿದ್ದು, ಅತ್ತೆ ತಾನಾಗಿಯೇ ಬಿಟ್ಟುಕೊಡುವಂತೆ ಒಂದು ಕನಸನ್ನು ಕಟ್ಟಿ ಹೇಳಿ ಹೊರಬಂದದ್ದು, ಇವೆಲ್ಲ ನಮಗೆ ತಿಳಿದಷ್ಟು ಮಗಳು ವೇವರ್ಲಿಯ ಮನಸ್ಸಿಗೆ ಇಳಿದಿಲ್ಲ. ಅವಳ ಕಣ್ಣಿಗೆ ಕಾಣುವುದು ಮಗಳ ಚದುರಂಗದ ಗೆಲುವನ್ನು ಬೀದಿಯಲ್ಲಿ ಮೆರೆಸುವ ತಾಯಿ ಮಾತ್ರ.

ಲಿಂಡೋಳ ಅಧ್ಯಾಯವನ್ನು ಓದುವಾಗ ಕೊಡವರ ಮದುವೆಯಲ್ಲಿ ನಡೆಯುವ ‘ಸಂಬಂಧ ಅಡ್ಕುವ’ ಶಾಸ್ತ್ರ ನೆನಪಾಯಿತು. ಎರಡೂ ಕಡೆಯ ಅರುವರು, ಅಂದರೆ ಕುಟುಂಬದ ಪರವಾಗಿ ಮಾತಾಡುವವರು, ನಿಂತು, ಕಲ್ಲುಗಳನ್ನು ಸಾಕ್ಷಿಯಾಗಿಟ್ಟು, ಗಂಡನ ಒಕ್ಕದಲ್ಲಿ (ಮನೆತನದಲ್ಲಿ) ಹುಡುಗಿಗೆ ಸಿಗಬೇಕಾದ ಹಕ್ಕುಗಳನ್ನು ಎಲ್ಲರೆದುರು ಮಾತಿನಲ್ಲಿ ಒಪ್ಪಿಸುತ್ತಾರೆ. ಅದು ನಿಜಕ್ಕೂ ದೊಡ್ಡ ಮಾತು, ಆ ಶಾಸ್ತ್ರದ ಬಗ್ಗೆ ನನಗೆ ಅಭಿಮಾನವಿದೆ. ಆದರೂ ಹುಡುಗಿಯ ತಾಯಿ ತಾನು ಇಂಥದೇ ಮಾತಿನ ಆಸರೆಯಲ್ಲಿ ಬಂದ ಮನೆಯಲ್ಲಿ ಹೇಗೆ ಬದುಕಿದಳು ಎಂಬುದನ್ನು ಹೇಳುವ ಸಂದರ್ಭ ಆ ದಿನವೂ ಬರುವುದಿಲ್ಲ, ಆಮೇಲೂ ಬರುವುದು ಕಡಿಮೆ.

ಸುಯುವಾನ್ ಕ್ವೀಲಿನ್ ನಗರವನ್ನು ಬಿಟ್ಟು ಓಡುವ ಭಾಗ ಕಾದಂಬರಿಯ ಜೀವಾಳ. ತಳ್ಳುಗಾಡಿ ಮುರಿಯುತ್ತದೆ, ಕೈಯಲ್ಲಿದ್ದ ಚೀಲಗಳು ಒಂದೊಂದಾಗಿ ದಾರಿಯಲ್ಲಿ ಉಳಿಯುತ್ತವೆ, ಕೊನೆಗೆ ಮಕ್ಕಳೂ. ಇದನ್ನು ಅವಳು ಮಗಳಿಗೆ ವರ್ಷಗಟ್ಟಲೆ ಪ್ರತಿ ಸಲವೂ ಕೊನೆ ಬದಲಾಗುವ ಒಂದು ಕಥೆಯಂತೆ ಹೇಳುತ್ತಾಳೆ, ಮಗಳೂ ಅದನ್ನು ಕಟ್ಟುಕಥೆಯೆಂದೇ ಕೇಳುತ್ತಾಳೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು, ಉಟ್ಟ ಬಟ್ಟೆಯಲ್ಲೇ ಮಡಿಕೇರಿಯ ಪರಿಹಾರ ಕೇಂದ್ರಗಳಿಗೆ ಬಂದವರನ್ನು ಕಂಡ ನಮಗೆ ಈ ಪುಟಗಳು ದೂರದ ದೇಶದವು ಎನಿಸುವುದಿಲ್ಲ. ಅಲ್ಲಿದ್ದ ಹೆಂಗಸರು ಮನೆ, ದನಕರು, ತೋಟದ ಮಾತನ್ನು ಮಕ್ಕಳು ಮಲಗಿದ ಮೇಲೆ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದುದನ್ನು ನಾನು ಕೇಳಿದ್ದೇನೆ. ಆ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿರಬಹುದು, ಅವರಿಗೆ ಅದರಲ್ಲಿ ಎಷ್ಟು ತಲುಪಿದೆಯೋ!

ಹೊಸವರ್ಷದ ಊಟದ ಪ್ರಸಂಗವನ್ನೂ ಹೇಳಬೇಕು. ಏಡಿಗಳನ್ನು ಬಡಿಸಿದಾಗ ಎಲ್ಲರೂ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ, ಕಾಲು ಮುರಿದದ್ದಕ್ಕೆ ಕೈ ಹಾಕಿದವಳು ಜಿಂಗ್-ಮೇ ಒಬ್ಬಳೇ. ತಾಯಿ ಅದನ್ನು ತಡೆದು, ದೊಡ್ಡದನ್ನು ಅವಳಿಗೆ ಬಿಟ್ಟು, ಕೆಟ್ಟದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು ತಿನ್ನದೆ ಬಿಡುತ್ತಾಳೆ. ಕಕ್ಕಡ ಎಂಬ ಮಳೆಗಾಲದ ತಿಂಗಳಿನ ಮಳೆಯಲ್ಲಿ ಗದ್ದೆಯಿಂದ ಹಿಡಿದು ತಂದ ಏಡಿಯ ಸಾರನ್ನು ಬಡಿಸುವಾಗ ನನ್ನ ಅವ್ವ ಮಾಡುತ್ತಿದ್ದುದೂ ಇದನ್ನೇ. ಊಟವಾದ ಮೇಲೆ ಸುಯುವಾನ್ ತನ್ನ ಕೊರಳಿನ ಹಸಿರು ಕಲ್ಲಿನ ಪದಕವನ್ನು ತೆಗೆದು ಮಗಳಿಗೆ ಕೊಡುವಲ್ಲಿ, ಇವಳು ನನ್ನನ್ನು ಇಷ್ಟು ಗಮನಿಸಿದ್ದಳೇ ಎಂಬ ಮಗಳ ಬೆರಗು ನಮ್ಮದೂ ಆಗುತ್ತದೆ.

ಎಲ್ಲವೂ ಒಪ್ಪಿಗೆಯಾಯಿತು ಎನ್ನಲಾರೆ. ಗಂಡಸರು ತೀರಾ ತೆಳುವಾಗಿದ್ದಾರೆ. ಚೀನಾ ಎಂದರೆ ಬರಿಯ ಸಂಕಟಗಳ ನಾಡು ಎಂಬ ಭಾವನೆ ಕೆಲವೆಡೆ ಮೂಡುತ್ತದೆ. ಲೀನಾ ಮತ್ತು ಅವಳ ಗಂಡ ಮನೆಯ ಖರ್ಚನ್ನು ಲೆಕ್ಕ ಬರೆದು ಹಂಚಿಕೊಳ್ಳುವ ಅಧ್ಯಾಯ ಮಾತ್ರ ಇವತ್ತಿಗೂ ಚುರುಕಾಗಿದೆ: ತಾನು ತಿನ್ನದ ಐಸ್‌ಕ್ರೀಮಿಗೂ ಅವಳು ಅರ್ಧ ಹಣ ಕೊಡುತ್ತಿರುತ್ತಾಳೆ, ಅದನ್ನು ಒಂದೇ ನೋಟದಲ್ಲಿ ಹಿಡಿಯುವವಳು ಅವಳ ತಾಯಿ ಯಿಂಗ್-ಯಿಂಗ್.

ಬೆಂಗಳೂರಿನಲ್ಲಿರುವ ನನ್ನ ಮಗಳೂ ಇದನ್ನು ಓದಿದಳು. ಅವಳ ತಕರಾರು ಸ್ಪಷ್ಟವಾಗಿತ್ತು. “ಅಮ್ಮಂದಿರು ಕಷ್ಟಪಟ್ಟರು ಅಂತ ಅವರು ಆಡಿದ್ದೆಲ್ಲ ಸರಿಯಾಗಿಬಿಡುತ್ತಾ? ವೇವರ್ಲಿಯ ಸಿಟ್ಟು ನ್ಯಾಯವಾದದ್ದೇ,” ಎಂದಳು. ಹೌದು, ಆ ಸಿಟ್ಟು ನ್ಯಾಯವಾದದ್ದೇ, ಮತ್ತು ಕಾದಂಬರಿ ಅದನ್ನು ಕಡೆಯವರೆಗೂ ಸುಳ್ಳು ಎನ್ನುವುದಿಲ್ಲ. ಆದರೆ ಲಿಂಡೋಳ ಮದುವೆಯ ಅಧ್ಯಾಯವನ್ನು ವೇವರ್ಲಿಯ ಕೈಗೆ ಕೊಟ್ಟಿದ್ದರೆ ಅವಳು ಏನೆನ್ನುತ್ತಿದ್ದಳು ಎಂದು ನಾನು ಕೇಳಿದೆ. ಆಗಲೂ ಸಿಟ್ಟು ಇರುತ್ತಿತ್ತು, ಆದರೆ ಜಗಳ ಬೇರೆಯಾಗಿರುತ್ತಿತ್ತು ಎಂದು ಮಗಳು ಉತ್ತರಿಸಿದಳು.