ಮೊಸರು ಬರುವಾಗ

ಬೆಳಿಗ್ಗೆ ಐದೂವರೆಗೆ ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಹನ್ನೆರಡು ಹುಡುಗಿಯರು, ಕ್ರೀಡೆ ನೋಡಿಕೊಳ್ಳುವ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕಿ) ಮೇಡಂ, ಮತ್ತೆ ನಾನು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಕಬಡ್ಡಿ ತಂಡದ ಜೊತೆ ವಿಜಯಪುರಕ್ಕೆ ಹೋಗೋಕೆ ಇನ್ನೊಬ್ಬ ಮೇಡಂ ಬೇಕು ಅಂದಾಗ ನಾನೇ ಕೈ ಎತ್ತಿದ್ದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂರುವ ಈ ಮಕ್ಕಳು ಅಂಕಣದಲ್ಲಿ ಹೇಗಿರುತ್ತಾರೆ ಅಂತ ನೋಡಬೇಕಿತ್ತು.

ಎಲ್ಲರ ಕೈಯಲ್ಲೂ ಆಧಾರ್ ಕಾರ್ಡ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಿನ ಖರ್ಚಿಲ್ಲ, ಆ ದುಡ್ಡಲ್ಲಿ ಈ ಸಲ ಮೊಣಕಾಲಿಗೆ ಹಾಕುವ ನೀ-ಕ್ಯಾಪ್ ತಂದಿದ್ದೇವೆ ಅಂತ ಪಿ.ಡಿ. ಮೇಡಂ ಬ್ಯಾಗ್ ತೆರೆದು ತೋರಿಸಿದರು. ಆರು ಜೊತೆ ಇದ್ದವು. ಅಂಕಣಕ್ಕೆ ಇಳಿಯುವುದು ಏಳು ಮಂದಿ, ಹೊರಗೆ ಐದು. ಏಳನೆಯವಳಿಗೆ ಹಳೆಯದೇ ಗತಿ, ಅದನ್ನು ಕ್ಯಾಪ್ಟನ್ ಆಗಲೇ ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ತಂಡದಲ್ಲಿ ಹೆಸರು ಹಿಡಿದು ಕರೆಯೋದು ಕಡಿಮೆ. ಜೆರ್ಸಿ ನಂಬರೇ ಹೆಸರು. ದೊಡ್ಡವರಿಗೆ ಮಾತ್ರ ಮುಂದೆ ಅಕ್ಕ ಸೇರುತ್ತದೆ: ನಾಕನೇ ಅಕ್ಕ, ಒಂಬತ್ತನೇ ಅಕ್ಕ. ಸೀನಿಯರ್ ಕಾಲೇಜು ಬಿಟ್ಟು ಹೋದರೆ ಅವಳ ನಂಬರ್ ಯಾರಿಗೆ ಅಂತ ಅವಳೇ ಹೇಳಿ ಹೋಗಬೇಕಂತೆ.

ಗದ್ದನಕೇರಿ ಕ್ರಾಸ್, ಅನಗವಾಡಿ ಸೇತುವೆ ದಾಟುವವರೆಗೂ ಹಾಡು. ಕೃಷ್ಣೆಯ ಉದ್ದ ಸೇತುವೆ ಬಂತು, ನೋಡಿದಷ್ಟೂ ಆಲಮಟ್ಟಿ ಹಿನ್ನೀರು. ಕೊಲ್ಹಾರದಲ್ಲಿ ಬಸ್ ನಿಂತಿದ್ದೇ ತಡ, ಮಾರುವವರು ಮಣ್ಣಿನ ಸಣ್ಣ ಗಡಿಗೆಯಲ್ಲಿ ಮೊಸರು ಹಿಡಿದು ಕಿಟಕಿ ಹತ್ತಿರ ಬಂದರು. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಮೊಸರು. ಹುಡುಗಿಯರು ಕೈ ಚಾಚಿದರು.

"ಈಗ ಬ್ಯಾಡ್ರೆ, ಹೊಟ್ಟಿ ಭಾರ ಆಗ್ತೈತಿ. ಬರೂಮುಂದ ತಿನ್ನೂಣು" ಅಂದಳು ಕ್ಯಾಪ್ಟನ್. ಹನ್ನೊಂದು ಕೈ ಒಳಗೆ ಬಂದವು.

ಮ್ಯಾಚಿಗೆ ಒಂದು ಗಂಟೆ ಮೊದಲು ಮೈದಾನದ ಪಕ್ಕದ ಕಟ್ಟೆ ಮೇಲೆ ಎಲ್ಲರೂ ಸಾಲಾಗಿ ಕೂತರು, ಒಬ್ಬರ ಬೆನ್ನಿಗೆ ಒಬ್ಬರು, ಮುಂದಿನವಳ ಜಡೆ ಹಿಂದಿನವಳು ಹೆಣೆಯುವುದು. ಎರಡು ಜಡೆ, ಕಿವಿ ಹತ್ತಿರದಿಂದ ಬಿಗಿಯಾಗಿ, ಒಂದೂ ಪಿನ್ ಇಲ್ಲದೆ. ಕೊನೆಯಲ್ಲಿ ಕೂತವಳು ಎದ್ದು ಹೋಗಿ ಮೊದಲನೆಯವಳ ಮುಂದೆ ಕೂರುತ್ತಾಳೆ. ಪಿನ್, ಬಳೆ, ಉದ್ದ ಉಗುರು ಯಾವುದೂ ಇರಬಾರದು, ರೆಫರಿ ನೋಡುತ್ತಾರೆ.

ನಾಕನೇ ನಂಬರಿನ ಹುಡುಗಿಗೆ ಹೋದ ವಾರವಷ್ಟೇ ನಿಶ್ಚಯ ಆಗಿತ್ತು. ಕೈತುಂಬ ಹಸಿರು ಗಾಜಿನ ಬಳೆ. ಒಡೆಯಬಾರದು, ಮನೆಯಲ್ಲಿ ಅಪಶಕುನ ಅಂತಾರೆ. ಕ್ಯಾಪ್ಟನ್ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಅವಳ ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗೆಣ್ಣು ಒತ್ತಿ ಹಿಡಿದು, ಒಂದೊಂದೇ ಬಳೆ ತಿರುಗಿಸುತ್ತಾ ತೆಗೆದಳು. ಹನ್ನೆರಡು ಬಳೆಗೆ ಅರ್ಧ ಗಂಟೆ. ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಅವತ್ತು ನನಗೆ ವಹಿಸಿದ ದೊಡ್ಡ ಕೆಲಸ ಅದೇ, ಮ್ಯಾಚ್ ಮುಗಿಯುವವರೆಗೂ ಕೆಳಗಿಡಲಿಲ್ಲ.

ಮೊದಲ ಮ್ಯಾಚ್ ಸುಲಭವಾಗಿ ಗೆದ್ದರು. ಎರಡನೆಯದು ಹದಿನೈದು ನಿಮಿಷದ ಎರಡು ಅವಧಿಯೂ ಸಮಸಮ. ಕೊನೆಗೆ ಎರಡು ಪಾಯಿಂಟ್ ಹಿಂದೆ. ಸತತ ಎರಡು ರೇಡ್ ಖಾಲಿ ಹೋಗಿದ್ದರಿಂದ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲಾಂದ್ರೆ ಔಟ್. ನಾಕನೇ ನಂಬರ್ ಹೋದಳು. ಬೋನಸ್ ಗೆರೆ ದಾಟಲು ಕಾಲು ಚಾಚಿದಾಗ ಎದುರಾಳಿ ತಂಡದ ಎಡ ಕಾರ್ನರ್ ಹುಡುಗಿ ಬಿದ್ದು ಪಾದ ಹಿಡಿದಳು. ಅಷ್ಟೇ.

ಸಂಜೆ ಗೋಳಗುಮ್ಮಟ. ಮ್ಯಾಚಿಗೆ ಮೊದಲು ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತದೆ ಅಂತ ಪಿ.ಡಿ. ಮೇಡಂ ಬಿಟ್ಟಿರಲಿಲ್ಲ. ಮಹಮ್ಮದ್ ಆದಿಲ್ ಷಾನ ಸಮಾಧಿ ಇದು, ಅವನು ತೀರಿಕೊಂಡದ್ದು 1656ರಲ್ಲಿ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದೆವು. ಜನ ಜಾಸ್ತಿ ಇರಲಿಲ್ಲ. ಚಿಕ್ಕವರೆಲ್ಲ ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಕೂಗಿದರು, ಗುಮ್ಮಟದ ತುಂಬ ರೇಡ್ ಹೊರಟ ಹಾಗಾಯಿತು. ಅವರು ಸುಮ್ಮನಾದ ಮೇಲೆ ನಾಕನೇ ನಂಬರ್ ಗೋಡೆಗೆ ಬಾಯಿಟ್ಟು ಏನೋ ಅಂದಳು. ನಾನೂ ಕ್ಯಾಪ್ಟನ್ನೂ ಎದುರು ಬದಿಯಲ್ಲಿದ್ದೆವು, ನಡುವೆ ಮೂವತ್ತೆಂಟು ಮೀಟರಿನ ಹತ್ತಿರ ಬರೀ ಗಾಳಿ. ಆದರೂ ಕಿವಿಯಲ್ಲೇ ಹೇಳಿದಂತೆ ಕೇಳಿಸಿತು.

"ನನ್ನಿಂದ ಸೋತ್ವಿ."

ಕ್ಯಾಪ್ಟನ್ ಗೋಡೆಗೆ ತುಟಿ ತಾಗಿಸಿ ಹೇಳಿದಳು: "ಏ ಹುಚ್ಚಿ, ಕೆಳಗಿಳಿ. ಮೊಸರು ತಿನ್ನಾಕ ಹೋಗೂಣು."

ಕೊಲ್ಹಾರಕ್ಕೆ ಬರುವಾಗ ಕತ್ತಲಾಗಿತ್ತು. ಹದಿನಾಲ್ಕು ಗಡಿಗೆ ತಗೊಂಡೆವು, ಜೊತೆಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಾನು ಕರವಸ್ತ್ರದ ಗಂಟು ಬಿಚ್ಚಿ ಕೊಟ್ಟೆ. ನಾಕನೇ ನಂಬರ್ ಒಂದು ಕೈಯಲ್ಲಿ ಮೊಸರು ತಿನ್ನುತ್ತಿದ್ದರೆ ಇನ್ನೊಂದು ಕೈಗೆ ಕ್ಯಾಪ್ಟನ್ ಬಳೆ ಏರಿಸುತ್ತಿದ್ದಳು. ಕೈ ಊದಿತ್ತು, ಬೇಗ ಹೋಗುತ್ತಿರಲಿಲ್ಲ. ಬೀಳಗಿ ಕ್ರಾಸ್ ದಾಟಿದರೂ ಇನ್ನೂ ಎರಡು ಬಳೆ ನನ್ನ ತೊಡೆ ಮೇಲೇ ಇದ್ದವು.