ಮಾಯುವುದಕ್ಕೂ ಮರಳಿ ಬೆಳೆಯುವುದಕ್ಕೂ ನಡುವೆ

ಒಲೆಯ ಬೆಂಕಿ ಸೆರಗಿಗೆ ಹತ್ತಿಕೊಂಡು ನಮ್ಮ ಚಿಕ್ಕಮ್ಮನ ಬಲಗೈ ಸುಟ್ಟು ಹನ್ನೊಂದು ವರ್ಷಗಳಾದವು. ವೈದ್ಯರು ಆಕೆಯ ತೊಡೆಯಿಂದ ಚರ್ಮವನ್ನು ತೆಳುವಾಗಿ ಹೆರೆದು ತೆಗೆದು, ಅದಕ್ಕೆ ಯಂತ್ರದಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಹಾಕಿ, ಬಲೆಯಂತೆ ಹಿಗ್ಗಿಸಿ ಗಾಯದ ಮೇಲೆ ಹೊದಿಸಿದ್ದರು. ಆ ಬಲೆಯ ಕಣ್ಣುಗಳ ಗುರುತು ಇಂದಿಗೂ ಆಕೆಯ ತೋಳಿನ ಮೇಲೆ ಅಚ್ಚೊತ್ತಿದಂತೆ ಉಳಿದಿದೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ಆಕೆ ಹೆಚ್ಚು ನರಳಿದ್ದು ತೊಡೆಯ ಉರಿಗೆ, ಕೈಯ ನೋವಿಗಲ್ಲ. ಆಳವಾಗಿ ಸುಟ್ಟ ಜಾಗದಲ್ಲಿ ನರಗಳ ತುದಿಗಳೇ ಸತ್ತಿರುತ್ತವೆ. ಚರ್ಮ ಹೆರೆದ ಜಾಗದಲ್ಲಿ ಅವು ಜೀವಂತವಾಗಿ ಗಾಳಿಗೆ ತೆರೆದುಕೊಳ್ಳುತ್ತವೆ. ಕೆಲವು ತಿಂಗಳ ನಂತರ ಬಟ್ಟೆ ಒಣಹಾಕಲು ಹಗ್ಗಕ್ಕೆ ಕೈ ಚಾಚಿ, ಅದು ಅರ್ಧಕ್ಕೇ ನಿಂತಾಗ ಆಕೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: “ಗಾಯವೇನೋ ಮಾಯ್ತು ಕಣೋ, ಕೈ ಮಾತ್ರ ನೆಟ್ಟಗಾಗಲಿಲ್ಲ.”

ಚರ್ಮವನ್ನು ಮತ್ತೆ ಬೆಳೆಸುವ ವಿಜ್ಞಾನದ ಬಗ್ಗೆ ನಾನು ಓದತೊಡಗಿದ್ದು ಆ ಮಾತಿನಿಂದಲೇ. ನಮ್ಮ ಹೊರಚರ್ಮಕ್ಕೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುವ ಶಕ್ತಿ ಇದೆ. ಗಾಯ ಮೇಲ್ಮಟ್ಟದ್ದಾದರೆ ಕೂದಲಿನ ಬುಡಗಳಲ್ಲಿ, ಬೆವರುಗ್ರಂಥಿಗಳ ನಾಳಗಳಲ್ಲಿ ಉಳಿದ ಜೀವಕೋಶಗಳು ಮೇಲೆದ್ದು ಹರಡಿ ಜಾಗವನ್ನು ಮುಚ್ಚುತ್ತವೆ. ಅದರ ಕೆಳಗಿನ ಒಳಚರ್ಮ ಹಾಗಲ್ಲ. ಅದು ಪೂರ್ತಿ ನಾಶವಾದರೆ ದೇಹವು ಅದನ್ನು ಮೊದಲಿನಂತೆ ಕಟ್ಟುವುದಿಲ್ಲ. ಸ್ನಾಯುವಿನಂತೆ ಸೆಳೆಯಬಲ್ಲ ಒಂದು ಬಗೆಯ ಜೀವಕೋಶಗಳು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ, ಉಳಿದ ಜಾಗವನ್ನು ಕೊಲಾಜನ್ ಎಂಬ ಪ್ರೋಟೀನಿನ ಬಿಗಿಯಾದ ಎಳೆಗಳು ತುಂಬುತ್ತವೆ. ಜೀವ ಉಳಿಸುವುದಕ್ಕೆ ಈ ಅವಸರ ಬೇಕು. ಆದರೆ ಗಾಯ ಮೊಣಕೈಯಂತಹ ಕೀಲಿನ ಮೇಲಿದ್ದರೆ, ಆ ಎಳೆತವೇ ಕೈಯನ್ನು ಮಡಿಸಿ ಹಿಡಿದುಬಿಡುತ್ತದೆ.

ಈ ಎಳೆತವನ್ನೇ ತಡೆಯಲು ಹೊರಟವರು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿ ಇಯಾನಿಸ್ ಯಾನಸ್ ಮತ್ತು ಬಾಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್. ದನದ ಕೊಲಾಜನ್ ಮತ್ತು ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ಪಡೆದ ಒಂದು ಸಕ್ಕರೆಯ ಸರಪಳಿಯನ್ನು ಬೆರೆಸಿ ಅವರು ಸ್ಪಂಜಿನಂತಹ ಹಾಳೆಯನ್ನು ಮಾಡಿದರು. ತೇವ ಆರದಂತೆ, ಸೋಂಕು ತಗುಲದಂತೆ ಅದರ ಮೇಲೊಂದು ಸಿಲಿಕೋನ್ ಪದರವನ್ನು ಹಾಸಿದರು. ಹತ್ತು ರೋಗಿಗಳ ಮೇಲಿನ ಫಲಿತಾಂಶವನ್ನು ಅವರು 1981ರಲ್ಲಿ ಪ್ರಕಟಿಸಿದರು. ಇದರ ಹೆಚ್ಚುಗಾರಿಕೆ ಇರುವುದು ಸ್ಪಂಜಿನ ರಂಧ್ರಗಳ ಅಳತೆಯಲ್ಲಿ ಮತ್ತು ಅದು ಕರಗುವ ವೇಗದಲ್ಲಿ. ರಂಧ್ರಗಳು ತೀರ ಕಿರಿದಾದರೆ ಜೀವಕೋಶಗಳು ಒಳಗೆ ಬರಲಾರವು; ಸ್ಪಂಜು ಬೇಗ ಕರಗಿದರೆ ಗಾಯ ಮತ್ತೆ ತನ್ನ ಹಳೆಯ ಎಳೆತಕ್ಕೇ ಮರಳುತ್ತದೆ. ಅಳತೆ ಸರಿಯಾಗಿದ್ದಲ್ಲಿ, ರಕ್ತನಾಳಗಳೂ ಜೀವಕೋಶಗಳೂ ಅದರೊಳಗೆ ನಡೆದು ಬಂದು, ಎರಡು ಮೂರು ವಾರಗಳಲ್ಲಿ ಒಳಚರ್ಮವನ್ನು ಹೋಲುವ ನೆಲಗಟ್ಟು ಸಿದ್ಧವಾಗುತ್ತದೆ. ಆಗ ಸಿಲಿಕೋನನ್ನು ಸುಲಿದು ರೋಗಿಯದೇ ಅತಿ ತೆಳುವಾದ ಹೊರಚರ್ಮವನ್ನು ಕಸಿ ಮಾಡುತ್ತಾರೆ. ಔಷಧಿಯಿಲ್ಲದೆ, ಬರೀ ಒಂದು ರಚನೆಯಿಂದ ದೇಹದ ನಡೆಯನ್ನು ಬದಲಿಸಬಹುದೆಂಬುದು ನನಗೆ ಈ ಕ್ಷೇತ್ರದ ಅತಿ ದೊಡ್ಡ ತಿಳಿವಳಿಕೆಯಾಗಿ ಕಾಣುತ್ತದೆ.

ಇದಕ್ಕಿಂತ ಹೆಚ್ಚು ಹೆಸರಾದದ್ದು ಹೊರಚರ್ಮವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನ. 1975ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹೋವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್, ಇಲಿಯ ಜೀವಕೋಶಗಳ ಆಸರೆಯ ಮೇಲೆ ಮನುಷ್ಯನ ಹೊರಚರ್ಮದ ಜೀವಕೋಶಗಳನ್ನು ಬೆಳೆಸಿ ತೋರಿಸಿದರು. 1983ರಲ್ಲಿ ಮೈಯ ಶೇಕಡಾ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಐದು ಮತ್ತು ಆರು ವರ್ಷದ ಇಬ್ಬರು ಸೋದರರನ್ನು ಬಾಸ್ಟನ್ನಿನಲ್ಲಿ ಈ ವಿಧಾನವೇ ಬದುಕಿಸಿತು. ಆದರೆ ಕೆಲವೇ ಜೀವಕೋಶಗಳಷ್ಟು ದಪ್ಪದ ಆ ಹಾಳೆಗಳು ಬಹಳ ನಾಜೂಕು. ಕೆಳಗೆ ಗಟ್ಟಿ ಒಳಚರ್ಮವಿಲ್ಲದೆ ಅವು ಸರಿಯಾಗಿ ಅಂಟುವುದಿಲ್ಲ, ಮೇಲಿಂದ ಮೇಲೆ ಬೊಬ್ಬೆ ಏಳುತ್ತವೆ. ಜರ್ಮನಿಯ ಬೋಹುಮ್‌ನಲ್ಲಿ 2015ರಲ್ಲಿ ಆನುವಂಶಿಕ ಕಾಯಿಲೆಯಿಂದ ಹೊರಚರ್ಮವನ್ನು ಕಳೆದುಕೊಳ್ಳುತ್ತಿದ್ದ ಏಳು ವರ್ಷದ ಬಾಲಕನಿಗೆ, ಇಟಲಿಯ ಮಿಕೇಲೆ ದೆ ಲೂಕಾ ಅವರ ತಂಡ ಜೀನ್ ಸರಿಪಡಿಸಿ ಬೆಳೆಸಿದ ಚರ್ಮವನ್ನು ಮೈಯ ಸುಮಾರು ಶೇಕಡಾ 80ರಷ್ಟು ಭಾಗಕ್ಕೆ ಹೊದಿಸಿದಾಗ ಅದು ನಿಂತಿತು. ಅವನ ಒಳಚರ್ಮ ಉಳಿದಿತ್ತು ಎಂಬುದನ್ನು ಇಲ್ಲಿ ಮರೆಯಬಾರದು.

ನಮ್ಮಲ್ಲಿ ಸುಟ್ಟಗಾಯದ ವಾರ್ಡುಗಳಿಗೆ ಬರುವ ಬಹುತೇಕರಿಗೆ ಇವೆಲ್ಲ ಕೈಗೆಟುಕದ ಬೆಲೆಯವು. ಅವರ ಪಾಲಿಗೆ ಇವತ್ತು ನಿಜವಾಗಿ ಒದಗುವುದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿರುವಂತಹ ಚರ್ಮ ಬ್ಯಾಂಕು. ದಾನಿ ಸತ್ತ ಆರು ಗಂಟೆಯೊಳಗೆ ಅವರ ತೊಡೆ, ಕಾಲು, ಬೆನ್ನುಗಳಿಂದ ತೆಗೆಯುವ ಚರ್ಮದ ತೆಳು ಪದರವನ್ನು ಗ್ಲಿಸರಾಲ್ ಎಂಬ ದ್ರವದಲ್ಲಿ ಕಾಪಿಟ್ಟು, ಗಾಯಕ್ಕೆ ತಾತ್ಕಾಲಿಕ ಹೊದಿಕೆಯಾಗಿ ಬಳಸುತ್ತಾರೆ. ಕೆಲವು ವಾರಗಳಲ್ಲಿ ದೇಹ ಅದನ್ನು ತಿರಸ್ಕರಿಸುತ್ತದೆ ನಿಜ, ಆದರೆ ಅಷ್ಟರಲ್ಲಿ ನೀರಿನಂಶ ಸೋರಿ ಹೋಗುವುದು ತಗ್ಗಿ, ರೋಗಿ ತನ್ನದೇ ಚರ್ಮದ ಕಸಿಗೆ ಸಿದ್ಧನಾಗಿರುತ್ತಾನೆ. ಹೀಗೆ ಚರ್ಮ ತೆಗೆದರೆ ಶವ ವಿಕಾರವಾಗುವುದಿಲ್ಲ ಎಂಬುದನ್ನು ಮನೆಮನೆಯಲ್ಲಿ ಹೇಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೂದಲು, ಬೆವರುಗ್ರಂಥಿ, ಎಣ್ಣೆಗ್ರಂಥಿಗಳಿರುವ ಪೂರ್ತಿ ಚರ್ಮವನ್ನು ಆಸ್ಪತ್ರೆಯ ಬಳಕೆಗೆ ಬೆಳೆಸಿ ಕೊಡುವ ಕೆಲಸ ಇನ್ನೂ ಬಾಕಿ ಇದೆ. ಚಿಕ್ಕಮ್ಮನ ತೋಳಿನ ಆ ಭಾಗ ಬೆವರುವುದಿಲ್ಲ, ತಾನಾಗಿ ಜಿಡ್ಡನ್ನೂ ಸುರಿಸುವುದಿಲ್ಲ. ರಾತ್ರಿ ಮಲಗುವ ಮುನ್ನ ಆಕೆ ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು, ಎಡಗೈಯ ಹೆಬ್ಬೆರಳಿನಿಂದ ಆ ಬಲೆಯ ಒಂದೊಂದು ಕಣ್ಣಿನ ಮೇಲೂ ನಿಧಾನವಾಗಿ ತೀಡುತ್ತಾಳೆ.