ಅದು ಶಿಕ್ಷೆಯೋ ಬಹುಮಾನವೋ, ಎಣಿಸಿ ನೋಡಿ

ಹಾಳೆ ಎಸೆದ ಹುಡುಗನನ್ನು ತರಗತಿಯ ಹೊರಗೆ ನಿಲ್ಲಿಸುತ್ತಾರೆ. ಟೀಚರ್ ಲೆಕ್ಕದಲ್ಲಿ ಅದು ಶಿಕ್ಷೆ. ಹುಡುಗನ ಲೆಕ್ಕ ಬೇರೆಯೇ ಇರಬಹುದು: ಗುಣಾಕಾರ ಮಾಡುವುದು ತಪ್ಪಿತು, ಹತ್ತು ನಿಮಿಷ ಆರಾಮ. ದಿನಕ್ಕೆ 2 ಸಲ ಇದ್ದ ಎಸೆತ ಮುಂದಿನ ವಾರ 5ಕ್ಕೆ ಏರಿದರೆ ಅಲ್ಲಿ ನಡೆದದ್ದು ಶಿಕ್ಷೆಯಲ್ಲ, ಪುನರ್ಬಲನ.

ವರ್ತನಾ ಚಿಕಿತ್ಸೆಯ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಬಿಡಬೇಕಾದದ್ದು ಉದ್ದೇಶ ನೋಡಿ ಹೆಸರಿಡುವ ಅಭ್ಯಾಸವನ್ನು. ವರ್ತನೆಯ ಬೆನ್ನಿಗೇ ಏನೋ ಆಯಿತು, ಆಮೇಲೆ ಆ ವರ್ತನೆ ಹೆಚ್ಚಿತು ಎಂದರೆ ಪುನರ್ಬಲನ. ಕಡಿಮೆಯಾಯಿತು ಎಂದರೆ ಶಿಕ್ಷೆ. ಏನೂ ಬದಲಾಗದಿದ್ದರೆ ಎರಡೂ ಅಲ್ಲ, ಬರೀ ಗದ್ದಲ. ಧನಾತ್ಮಕ, ಋಣಾತ್ಮಕ ಎಂಬ ಪದಗಳೂ ಒಳ್ಳೆಯದು ಕೆಟ್ಟದ್ದನ್ನು ಹೇಳುವುದಿಲ್ಲ. ಏನನ್ನಾದರೂ ಸೇರಿಸಿದರೆ ಧನಾತ್ಮಕ, ಇದ್ದದ್ದನ್ನು ತೆಗೆದರೆ ಋಣಾತ್ಮಕ. ಪರೀಕ್ಷೆಗೆ ಓದುವ ಎಷ್ಟೋ ಜನ ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಎಂದೇ ಬರೆದು ಬರುತ್ತಾರೆ. ಮಗು ಅಳುತ್ತದೆ, ಅಮ್ಮ ಫೋನ್ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಫೋನ್ ಸಿಕ್ಕಿದ್ದರಿಂದ ಮಗುವಿನ ಅಳುವಿಗೆ ಧನಾತ್ಮಕ ಪುನರ್ಬಲನ. ಅಳು ನಿಂತಿದ್ದರಿಂದ ಅಮ್ಮ ಫೋನ್ ಕೊಡುವುದಕ್ಕೆ ಋಣಾತ್ಮಕ ಪುನರ್ಬಲನ. ಇಬ್ಬರೂ ಒಬ್ಬರನ್ನೊಬ್ಬರು ತರಬೇತಿ ಮಾಡುತ್ತಿದ್ದಾರೆ.

ಹಾಗಾಗಿ ಏನು ಕೊಡಬೇಕು, ಏನು ಕಿತ್ತುಕೊಳ್ಳಬೇಕು ಎಂಬ ಪ್ರಶ್ನೆ ಆಮೇಲಿನದು. ಈ ವರ್ತನೆಯಿಂದ ಅವನಿಗೆ ಸಿಗುತ್ತಿರುವುದೇನು ಎಂಬುದು ಮೊದಲಿನದು. ಅದಕ್ಕೆ ಒಂದು ಹಾಳೆ ಸಾಕು: ಸಮಯ, ಮೊದಲು ಏನಾಯಿತು, ಏನು ಮಾಡಿದ, ಆಮೇಲೆ ಏನಾಯಿತು. 'ಸಿಟ್ಟು ಬರುತ್ತದೆ' ಎಂದು ಬರೆದರೆ ಎಣಿಸಲು ಬರುವುದಿಲ್ಲ. 'ಕೈಯಲ್ಲಿರುವ ಹಾಳೆ ಮೇಜು ದಾಟಿ ನೆಲಕ್ಕೆ ಬೀಳುವಂತೆ ಎಸೆಯುವುದು' ಎಂದು ಬರೆಯಿರಿ. ಇಬ್ಬರು ಬೇರೆ ಬೇರೆ ಕೂತು ಎಣಿಸಿದರೂ ಕನಿಷ್ಠ 80% ಹೊಂದಬೇಕು. ಹೊಂದದಿದ್ದರೆ ತಪ್ಪು ಸಾಮಾನ್ಯವಾಗಿ ವ್ಯಾಖ್ಯೆಯಲ್ಲಿರುತ್ತದೆ.

ತುಂಬಿದ ಹಾಳೆ ಹೀಗಿರುತ್ತದೆ. 10:05, 'ಬರಿ' ಅಂದರು, ಎಸೆದ, 'ಆಮೇಲೆ ಮಾಡೋಣ' ಎಂದು ಹಾಳೆ ಪಕ್ಕಕ್ಕಿಟ್ಟರು. 10:40, ಹೊಸ ಹಾಳೆ ಕೊಟ್ಟರು, ಎಸೆದ, ಹೊರಗೆ ಕಳಿಸಿದರು. 11:20, ಚಿತ್ರ ಬಿಡಿಸುವ ಹೊತ್ತು, ಎಸೆತವಿಲ್ಲ. 11:50, ಮತ್ತೆ ಲೆಕ್ಕ, ಎಸೆದ, ಬೈದರು, ಅಷ್ಟರಲ್ಲಿ ಬೆಲ್ ಆಯಿತು. ಬೈಗುಳ, ಹೊರಗೆ ಕಳಿಸುವುದು, ಮುಂದೂಡುವುದು ನೋಡಲು ಮೂರು ಬಗೆ. ಮೂರರಲ್ಲೂ ಅವನಿಗೆ ಲೆಕ್ಕ ಮಾಡುವುದು ತಪ್ಪಿದೆ. ಕೆಲಸ ತಪ್ಪಿಸಿಕೊಳ್ಳುವುದು, ಗಮನ ಸೆಳೆಯುವುದು, ಬೇಕಾದ ವಸ್ತು ಪಡೆಯುವುದು, ಆ ಕ್ರಿಯೆಯಿಂದಲೇ ಸಿಗುವ ಸುಖ: ಕಾರಣ ಹೆಚ್ಚಾಗಿ ಈ ನಾಲ್ಕರೊಳಗೇ ಇರುತ್ತದೆ. ಮೂರರಿಂದ ಐದು ದಿನ ಬರೆದರೆ ಜಾಡು ಕಾಣಲು ಶುರುವಾಗುತ್ತದೆ. ಅದೇ ಎಣಿಕೆ ಮುಂದೆ ಹೋಲಿಸಲು ಬೇಸ್‌ಲೈನ್ ಕೂಡ, ಅಂದರೆ ಯೋಜನೆಗೆ ಮೊದಲಿನ ಅಳತೆ.

ಈ ಹುಡುಗನಿಗೆ ಬೇಕಿರುವುದು ಬಿಡುವು. ಅದನ್ನು ಕೇಳಿ ಪಡೆಯುವ ದಾರಿ ಕಲಿಸಬೇಕು. ಎಡವಟ್ಟಾದ ವರ್ತನೆಯ ಜಾಗಕ್ಕೆ ಅದೇ ಫಲ ಕೊಡುವ ಮಾತನ್ನು ಕಲಿಸುವ ಈ ವಿಧಾನವನ್ನು ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು 1985ರಲ್ಲಿ ತೋರಿಸಿಕೊಟ್ಟರು. 'ಬ್ರೇಕ್ ಬೇಕು' ಎಂಬ ಕಾರ್ಡು ಕೈಗೆಟಕುವಂತೆ ಮೇಜಿನ ಮೇಲಿರಲಿ. ಮುಟ್ಟಿದ ಕೂಡಲೇ, ಒಂದೆರಡು ಸೆಕೆಂಡಿನಲ್ಲಿ, ಹಾಳೆ ಸರಿಸಿ ಒಂದು ನಿಮಿಷ ಬಿಡುವು ಕೊಡಿ. ಮೊದಲ ದಿನಗಳಲ್ಲಿ ಪ್ರತಿ ಸಲವೂ ಕೊಡಬೇಕು. ಎಸೆದರೆ ಬಿಡುವಿಲ್ಲ, ಹಾಳೆ ಮತ್ತೆ ಮುಂದೆ ಬರುತ್ತದೆ, ಮಾತಿಲ್ಲದೆ. ಎಸೆಯುವುದಕ್ಕಿಂತ ಕಾರ್ಡು ಮುಟ್ಟುವುದು ಸುಲಭವಾಗಿರಬೇಕು, ಇಲ್ಲದಿದ್ದರೆ ಅವನು ಯಾಕೆ ಬದಲಾಗಬೇಕು?

ಇಲ್ಲಿ ಯೋಜನೆ ಕೆಡುವುದು ಸಾಮಾನ್ಯವಾಗಿ ದೊಡ್ಡವರ ಕೈಯಲ್ಲಿ. ಗಂಟೆಗೆ ಇಪ್ಪತ್ತು ಸಲ ಕಾರ್ಡು ಮುಟ್ಟಿದ ಎಂದು ಅದನ್ನು ಡ್ರಾಯರಿಗೆ ಹಾಕುತ್ತಾರೆ. ಮಾರನೆಯ ದಿನ ಎಸೆತ ವಾಪಸ್. ಇಪ್ಪತ್ತು ಸಲ ಮುಟ್ಟಿದ್ದು ಯೋಜನೆ ಹಿಡಿದಿದೆ ಎಂಬುದರ ಗುರುತು. ಕಾರ್ಡು ಗಟ್ಟಿಯಾಗಿ ನಿಂತ ಮೇಲೆ 'ಇದೊಂದು ಲೆಕ್ಕ, ಆಮೇಲೆ ಬ್ರೇಕ್' ಎನ್ನಿ. ನಂತರ ಎರಡು, ಮೂರು, ಐದು. ಒಂದರಿಂದ ನೇರ ಹತ್ತಕ್ಕೆ ಹಾರಿದರೆ ಹಗ್ಗ ಹರಿಯುತ್ತದೆ. ಆಗ ಹಿಂದಿನ ಮೆಟ್ಟಿಲಿಗೆ ಇಳಿದು ಮತ್ತೆ ಹತ್ತಬೇಕು.

ಗಮನಕ್ಕಾಗಿ ಕಿರುಚುವ ಮಗುವಿನ ವಿಷಯ ಬೇರೆ. ಕಿರುಚಾಟಕ್ಕೆ ಗಮನ ಕೊಡುವುದನ್ನು ನಿಲ್ಲಿಸಿದರೆ ಅದು ಇಳಿಯುವ ಮೊದಲು ಏರಬಹುದು, ದನಿಯೂ ಜೋರಾಗಬಹುದು. ಮೂರನೆಯ ದಿನ ತಾಳಲಾರದೆ ಒಮ್ಮೆ ತಿರುಗಿ ನೋಡಿದರೆ 'ಇಷ್ಟು ಜೋರಾಗಿ ಕಿರುಚಿದರೆ ಸಿಗುತ್ತದೆ' ಎಂಬ ಪಾಠ ಹೇಳಿದ ಹಾಗಾಯಿತು. ಆಗೊಮ್ಮೆ ಈಗೊಮ್ಮೆ ಸಿಗುವ ಫಲವೇ ವರ್ತನೆಯನ್ನು ಬಿಡದಂತೆ ಅಂಟಿಸುವುದು, ಲಾಟರಿಯ ಹಾಗೆ. ಮನೆಯವರೆಲ್ಲ ಒಂದೇ ರೀತಿ ತಡೆದುಕೊಳ್ಳಲು ಸಿದ್ಧರಿಲ್ಲದಿದ್ದರೆ ಈ ದಾರಿ ಹಿಡಿಯಬೇಡಿ. ತಲೆ ಚಚ್ಚಿಕೊಳ್ಳುವಂಥ ವರ್ತನೆಗೆ ವೈದ್ಯರು, ಅನುಭವಿ ಥೆರಪಿಸ್ಟ್ ಜೊತೆಗಿಲ್ಲದೆ ಸುತರಾಂ ಬೇಡ.

ಬೇಡದ ವರ್ತನೆ ಇಲ್ಲದ ಹೊತ್ತಿಗೆ ಬಹುಮಾನ ಕೊಡುವ ಕ್ರಮದಲ್ಲಿ ಅವಧಿಯನ್ನು ಬಾಯಿಗೆ ಬಂದಂತೆ ಇಡುತ್ತಾರೆ. ಬೇಸ್‌ಲೈನಿನಲ್ಲಿ 30 ನಿಮಿಷಕ್ಕೆ 10 ಸಲ ಆಗುತ್ತಿದ್ದರೆ ಸರಾಸರಿ 3 ನಿಮಿಷಕ್ಕೊಂದು. ಟೈಮರ್ 2 ನಿಮಿಷಕ್ಕಿಡಿ, ಅವನು ಗೆಲ್ಲಲಿ. 'ಬೆಳಗಿನಿಂದ ಸಂಜೆವರೆಗೂ ಗಲಾಟೆ ಮಾಡದಿದ್ದರೆ' ಎಂಬ ಷರತ್ತು 10:05ಕ್ಕೇ ಮುಗಿದುಹೋಗುತ್ತದೆ. ಬಹುಮಾನಕ್ಕೆ ಬದಲಿಸಿಕೊಳ್ಳಬಹುದಾದ ಟೋಕನ್‌ಗಳನ್ನು ತಪ್ಪಿಗೊಂದರಂತೆ ಕಿತ್ತುಕೊಳ್ಳುವುದರಲ್ಲೂ ಇದೇ ಗತಿ: ಹನ್ನೊಂದಕ್ಕೇ ಎಲ್ಲ ಕಳೆದುಕೊಂಡವನಿಗೆ ಮಧ್ಯಾಹ್ನ ಕಳೆದುಕೊಳ್ಳಲು ಏನಿದೆ?

ಇನ್ನು ಶಿಕ್ಷೆ. 1938ರಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ವರದಿ ಮಾಡಿದ ಪ್ರಯೋಗದಲ್ಲಿ, ಆಹಾರಕ್ಕಾಗಿ ಸನ್ನೆ (ಲಿವರ್) ಒತ್ತಲು ಕಲಿತ ಇಲಿಗಳಿಗೆ ಒತ್ತಿದರೂ ಆಹಾರ ಬಾರದಂತೆ ಮಾಡಿ, ಕೆಲವು ಇಲಿಗಳಿಗೆ ಮಾತ್ರ ಮೊದಮೊದಲು ಒತ್ತಿದಾಗ ಪಂಜಕ್ಕೆ ಏಟು ಬೀಳುವಂತೆ ಮಾಡಿದ್ದರು. ಒತ್ತುವುದು ತಕ್ಷಣ ಇಳಿಯಿತು. ಏಟು ನಿಂತ ಮೇಲೆ ಮತ್ತೆ ಒತ್ತುತ್ತಾ, ಕೊನೆಗೆ ಏಟು ತಿನ್ನದ ಇಲಿಗಳಷ್ಟೇ ಹೆಚ್ಚೂಕಡಿಮೆ ಒತ್ತಿದವು. ಜೋರಾದ, ತಕ್ಷಣದ, ಒಂದು ಸಲವೂ ತಪ್ಪದ ಶಿಕ್ಷೆ ವರ್ತನೆಯನ್ನು ಗಟ್ಟಿಯಾಗಿ ಅದುಮುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿದ್ದೂ ನಿಜ. ತರಗತಿಯಲ್ಲಿ, ಮನೆಯಲ್ಲಿ ಹಾಗೆ ತಪ್ಪದೆ ಕೊಡಲು ಯಾರಿಂದಲೂ ಆಗುವುದಿಲ್ಲ, ಕೊಡಲೂಬಾರದು. ಮಗು ಕಲಿಯುವುದು ಯಾರ ಎದುರಿಗೆ ಮಾಡಬಾರದು ಎಂಬುದನ್ನಷ್ಟೇ. ಆದರೂ ಗದರುವುದು ನಿಲ್ಲದು, ಯಾಕೆಂದರೆ ಗದರಿದ ಕ್ಷಣಕ್ಕೆ ಸದ್ದು ಅಡಗುತ್ತದೆ. ಅದು ಗದರಿದವರಿಗೆ ಸಿಕ್ಕ ಪುನರ್ಬಲನ.

ಯೋಜನೆ ಬದಲಿಸಿದ ದಿನ ಎಣಿಕೆಯ ಗ್ರಾಫಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಉದ್ದ ಗೆರೆ ಎಳೆಯಿರಿ. ಐದಾರು ಸೆಷನ್ ಆದರೂ ಎಣಿಕೆ ಇಳಿಯದಿದ್ದರೆ ಯೋಜನೆ ತೆಗೆದುಹಾಕುವ ಮುನ್ನ ಇನ್ನೊಂದು ಎಣಿಕೆ ಬೇಕು: ಕಾರ್ಡು ಮುಟ್ಟಿದ 10 ಸಲದಲ್ಲಿ ಎಷ್ಟು ಸಲ ನಿಜವಾಗಿಯೂ ಕೂಡಲೇ ಬಿಡುವು ಸಿಕ್ಕಿತು? ಉತ್ತರ 5 ಆಗಿದ್ದರೆ ಆ ಯೋಜನೆ ಇನ್ನೂ ಶುರುವೇ ಆಗಿಲ್ಲ.